ತೊಳೆದಿಟ್ಟ ಬಳಚಿನ ಪೆಟ್ಟಿಗೆ

ಏರುಶಕ ೨೧೪, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ಅಘನಾಶಿನಿ ಒಳ ಅಳಿವೆ

ಪ್ರಾಣಿಶಾಸ್ತ್ರ ಉಪನ್ಯಾಸಕಿ ಶ್ರೀಮತಿ ವಾಗ್ದೇವಿ ಶಾನಭಾಗ ಅವರಿಗೆ,

ಮೇಲಿನ ತಾರೀಖು ನಿಮಗೆ ಅರ್ಥವಾಗದು, ಕ್ಷಮಿಸಿ. ಕಡಲು ಹಳೆಯ ಹೆದ್ದಾರಿ ದಾಟಿ ಒಳಗೆ ಬಂದ ವರ್ಷದಿಂದ ನಾವು ಎಣಿಸುತ್ತೇವೆ, ಅದೇ ಏರುಶಕ. ನಮ್ಮ ಕೆಲಸವೆಲ್ಲ ಉಬ್ಬರ ಇಳಿತಗಳನ್ನು ಅನುಸರಿಸುವುದರಿಂದ ಚಂದ್ರನ ಲೆಕ್ಕದಲ್ಲಿ ಕೆಲವು ವರ್ಷಕ್ಕೆ ಹದಿಮೂರು ತಿಂಗಳು. ಪತ್ರದಲ್ಲಿ ಇನ್ನಷ್ಟು ಅಪರಿಚಿತ ಪದಗಳು ಬರಬಹುದು. ಸಿಟ್ಟೂ ಬರಬಹುದು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ಹೊನ್ನಿ ಅಂಬಿಗ. ನನ್ನ ಕಸುಬು ಮಣ್ಣೋದು. ಅಳಿವೆಯ ಕೆಸರನ್ನು ಪದರ ಪದರವಾಗಿ ಕತ್ತರಿಸಿ, ಅದರಲ್ಲಿರುವ ಚಿಪ್ಪುಗಳನ್ನು ನೋಡಿ, ಆ ಕಾಲದ ನೀರು ಎಷ್ಟು ಉಪ್ಪಾಗಿತ್ತು, ಎಷ್ಟು ಆಳವಿತ್ತು ಎಂದು ಹೇಳುವುದಕ್ಕೆ ನಾವು ಹಾಗೆನ್ನುತ್ತೇವೆ. ನೀವು ಗಜನಿ ಎನ್ನುತ್ತಿದ್ದ ಉಪ್ಪುನೀರಿನ ಗದ್ದೆಗಳ ಮೇಲೆ ಈಗ ಕಂಬದ ಮನೆಗಳಿವೆ. ನೀರು ಇಳಿದಾಗ ಕಾಲಿಗೆ ಕೆಸರುಹಲಗೆ ಕಟ್ಟಿಕೊಂಡು ಓಡಾಡುತ್ತೇವೆ. ಅಗಲವಾದ ಹಲಗೆಯಾದ್ದರಿಂದ ಕಾಲು ಹೂತುಹೋಗುವುದಿಲ್ಲ. ಏಡಿ ಸಿಗುತ್ತದೆ, ಸಿಗಡಿ ಅಪರೂಪ. ಬಳಚು ಎಂಬ ಚಿಪ್ಪುಮೀನಿನ ಸಾರು ಉಂಡ ನೆನಪಿರುವವರು ಊರಿನಲ್ಲಿ ಇಬ್ಬರೇ. ಗಂಜಿ ಬಡಿಸುವ ಚಿಪ್ಪಿನೊಳಗೆ ಒಂದು ಕಾಲದಲ್ಲಿ ಜೀವವಿತ್ತು ಎಂದರೆ ನಮ್ಮ ಮಕ್ಕಳು ನಂಬುವುದಿಲ್ಲ.

ಜೀವಂತ ಬಳಚು ಉಳಿದಿರುವುದು ಮುನ್ನೂರ ನಲವತ್ತು ಮಾತ್ರ, ನನ್ನ ಸೋದರತ್ತೆ ಜಟ್ಟಮ್ಮನ ತೊಟ್ಟಿಯಲ್ಲಿ. ತೊಟ್ಟಿಯಲ್ಲಿ ಅವು ಮರಿ ಮಾಡುತ್ತಿಲ್ಲ, ದಿನಕ್ಕೆ ಎರಡು ಮೂರು ಸಾಯುತ್ತಿವೆ. ಕೆಸರಿಗೆ ಬಿಡಲೇಬೇಕು. ಹತ್ತಿರ ಹತ್ತಿರ ಇದ್ದರಷ್ಟೇ ಸಂತಾನವಾಗುವುದರಿಂದ ಎರಡು ಕಡೆ ಹಂಚುವಂತೆಯೂ ಇಲ್ಲ. ಒಂದೇ ಜಾಗ, ಒಂದೇ ಸಲ. ಜಾಗ ತೋರಿಸಬೇಕಾದವಳು ನಾನು.

ಇದು ಕಷ್ಟದ ಪ್ರಶ್ನೆಯಾಗಬೇಕಿರಲಿಲ್ಲ. ಸಾವಿರಾರು ವರ್ಷಗಳ ಹಿಂದೊಮ್ಮೆ ಕಡಲು ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ಏರಿತ್ತು. ಆಗ ಬಳಚು ಅಳಿವೆಯ ಯಾವ ಮೂಲೆಯಲ್ಲಿ ಬದುಕಿತ್ತೋ ಅಲ್ಲೇ ಈಗಲೂ ಬದುಕೀತು. ಆ ಚಿಪ್ಪುಗಳು ಕೆಸರಿನಡಿ ಹಾಸಿಕೊಂಡಿದ್ದವು. ನಿಮ್ಮ ಕಾಲದವರು ಅವನ್ನು ಅಗೆದು ಸುಣ್ಣಕ್ಕೆ ಸುಟ್ಟರು, ಪುಡಿ ಮಾಡಿ ಕೋಳಿಗೆ ಹಾಕಿದರು. ಹನ್ನೊಂದು ವರ್ಷದಿಂದ ನಾನು ಅಗೆದಲ್ಲೆಲ್ಲ ಸಿಗುವುದು ನಿಮ್ಮವರು ತೋಡಿದ ಗುಂಡಿಗಳು.

ಕಳೆದ ತಿಂಗಳು ಗುಡ್ಡದ ಮೇಲಿನ ಉಗ್ರಾಣದಲ್ಲಿ ನೀವು ಕಾಲೇಜಿನಲ್ಲಿ ಇರಿಸಿದ್ದ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ ನಿಮ್ಮ ಹೆಸರು, ಕೆಳಗೆ ಸುಣ್ಣದ ಗೂಡಿನ ರಾಶಿಯಿಂದ ಆಯ್ದ ನೂರ ಹನ್ನೆರಡು ಬಳಚು ಎಂದಿತ್ತು; ಅಂದರೆ ಆ ಹಳೆಯ ಪದರದವೇ. ಕುಣಿದಾಡಿದೆ. ಎರಡೂ ಚಿಪ್ಪು ಮುಚ್ಚಿಕೊಂಡೇ ಹೂತುಹೋದ ಬಳಚಿನ ಹೊಟ್ಟೆಯಲ್ಲಿ ಅದು ಬದುಕಿದ್ದ ಜಾಗದ ಕೆಸರು ಉಳಿದಿರುತ್ತದೆ. ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಶಂಖಗಳು. ಯಾವ ಮೂಲೆಯ ಕೆಸರೆಂದು ಹೇಳಲು ಅವಷ್ಟೇ ಸಾಕಾಗುತ್ತಿದ್ದವು ನನಗೆ.

ಮುಚ್ಚಳ ತೆಗೆದೆ. ಎಲ್ಲವನ್ನೂ ಬಿಡಿಸಿ, ಉಜ್ಜಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಅಂಟಿಸಿದ್ದೀರಿ. ಜೊತೆಗೆ ನಿಮ್ಮ ದುಂಡು ಅಕ್ಷರದ ಚೀಟಿ: "ಬಳಚು, ಅಘನಾಶಿನಿ. ಪರಿಶೀಲನಾ ಸಮಿತಿಯ ಭೇಟಿಯ ನಿಮಿತ್ತ ತೊಳೆದು ವಾರ್ನಿಶ್ ಹಚ್ಚಲಾಗಿದೆ. ೧೧ ಫೆಬ್ರವರಿ ೨೦೨೭." ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ದಡದಲ್ಲಿ, ಒಂದಕ್ಷರವಿಲ್ಲ. ವಾರ್ನಿಶ್ ಹಚ್ಚಿದ್ದು ಮಾತ್ರ ನಮೂದಾಗಿದೆ.

ಇವತ್ತು ಜಟ್ಟಮ್ಮತ್ತೆ ಬಂದು ನೋಡಿದಳು. "ಎಂತದೇ ಹೊನ್ನಿ, ಆ ಅಮ್ಮ ತಿಕ್ಕಿದ್ ನೋಡೇ, ಮದ್ವೆ ಮನೆ ಪಾತ್ರೆ ಇದ್ದಂಗದೆ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿನ್ ಓದೆಲ್ಲ ಸಾಕು, ತಂಗಿ. ನಾಳೆ ಎಲ್ ಬಿಡೂದು ಹೇಳು, ಇವತ್ತೂ ಮೂರು ಸತ್ವು" ಎಂದಳು. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸುಣ್ಣದ ಗೂಡಿಗೆ ಹೋಗುತ್ತಿದ್ದ ರಾಶಿಯಿಂದ ನೂರ ಹನ್ನೆರಡನ್ನು ಉಳಿಸಿದವರು ನೀವೊಬ್ಬರೇ. ಅದಕ್ಕೇ ಸಿಟ್ಟು ಹೆಚ್ಚುತ್ತದೆ. ಸಮಿತಿಯವರು ಪೆಟ್ಟಿಗೆಯಿದ್ದ ಕೋಣೆಯಲ್ಲಿ ಎಷ್ಟು ಹೊತ್ತು ನಿಂತಿದ್ದರು? ಐದು ನಿಮಿಷ?

ಈ ಪತ್ರ ಫೆಬ್ರವರಿ ಹನ್ನೊಂದಕ್ಕೆ ಮೊದಲು ತಲುಪಿದರೆ ಒಂದೇ ಕೋರಿಕೆ. ನೂರ ಹನ್ನೊಂದನ್ನು ನಿಮಗೆ ಬೇಕಾದಷ್ಟು ಹೊಳೆಯಿಸಿ. ಒಂದನ್ನು, ಮುಚ್ಚಿಕೊಂಡೇ ಇರುವುದನ್ನು, ಹಾಗೇ ಬಿಡಿ. ಅಗೆದವರನ್ನು ಕೇಳಿ, ಯಾವ ದಡ, ಎಷ್ಟು ಮೊಳ ಆಳ ಎಂದು ಚೀಟಿಯಲ್ಲಿ ಬರೆಯಿರಿ. ಸಮಿತಿಯವರು ಗಲೀಜೆಂದು ಮುಖ ಸಿಂಡರಿಸಿದರೆ ಸಿಂಡರಿಸಲಿ.

ನಾಳೆ ಬೆಳಿಗ್ಗೆಯ ಇಳಿತದಲ್ಲಿ ಬುಟ್ಟಿಗಳನ್ನು ಹೊತ್ತು ಹೊರಡುತ್ತೇವೆ. ಜಟ್ಟಮ್ಮತ್ತೆ ನನ್ನ ಹಿಂದೆ ಬರುತ್ತಾಳೆ, ಊರವರು ಅವಳ ಹಿಂದೆ. ಎಲ್ಲೋ ಒಂದು ಕಡೆ ನಾನು ನಿಂತು, ಇಲ್ಲಿ ಎನ್ನಬೇಕು.

ಹೊನ್ನಿ ಅಂಬಿಗ