ಎಂಟು ಉಳಿಯುವ ಸಂಖ್ಯೆ

ಮೋನಪ್ಪ ಮಾವನವರಿಗೆ,

ನಮಸ್ಕಾರ. ಮಾವ ಎಂದು ಬರೆದುಬಿಟ್ಟೆ. ಓದಿ ಮುಗಿಸಿದ ಮೇಲೆ ಆ ಶಬ್ದವನ್ನು ಹೊಡೆದುಹಾಕಬೇಕೆನಿಸಿದರೆ ಪೆನ್ನು ಹೇಗೂ ನಿಮ್ಮ ಜೇಬಿನಲ್ಲೇ ಇರುತ್ತದೆ.

ಭಾನುವಾರ ಜೋಗೇಶ್ವರಿಯ ನಿಮ್ಮ ಹೋಟೆಲಿನಲ್ಲಿ, ಅಕ್ಷಯನ ಎದುರಿಗೇ, ನನ್ನ ಮೊಬೈಲ್ ನಂಬರಿನ ಅಂಕಿಗಳನ್ನೆಲ್ಲ ಕೂಡಿಸಿ ಮುಖ ಸಣ್ಣದು ಮಾಡಿದಿರಿ. "ಎಂಟು ಬರ್ತದೆ ಮಗಾ, ಶನಿಯದ್ದು. ನಂಬರ್ ಚೇಂಜ್ ಮಾಡು, ಮತ್ತೆ ಮದುವೆ ಡೇಟ್ ಫಿಕ್ಸ್ ಮಾಡುವ" ಎಂದಿರಿ. ನಿಮ್ಮ ಮಗ ಚಟ್ನಿ ನೋಡುತ್ತ ಕುಳಿತ. ನಾನು ಸುಮ್ಮನಿದ್ದುದಕ್ಕೆ ಒಪ್ಪಿದೆನೆಂದು ತಿಳಿದಿರಿ. ನಾನು ಒಪ್ಪಿಲ್ಲ.

ಅದು ನನ್ನ ಅಮ್ಮ ಸೇವಂತಿಯ ನಂಬರ್. ಆಂಟಾಪ್ ಹಿಲ್‌ನ ಅರ್ಧ ಕಾಲೊನಿಗೆ ಬ್ಲೌಸ್ ಹೊಲಿದವಳು ಅವಳು. ಅವಳು ಹೋದ ಮೇಲೂ ಹಬ್ಬ ಹತ್ತಿರವಾದಾಗ ಯಾರಾದರೂ ಫೋನ್ ಮಾಡಿ "ಸೇವಂತಕ್ಕ, ಈ ಸಲ ಹೊಲಿದು ಕೊಡ್ತೀರಾ?" ಎನ್ನುತ್ತಾರೆ. ಅವಳಿಲ್ಲ ಎಂದು ಪ್ರತಿ ಸಲ ನಾನೇ ಹೇಳಬೇಕು. ಆದರೆ ಆ ಹೆಸರು ಈಗ ನನ್ನ ಕಿವಿಗೆ ಬೀಳುವುದು ಆ ಫೋನಿನಲ್ಲಿ ಮಾತ್ರ.

ಇನ್ನು ಎಂಟರ ಮಾತು. ಪವಾಯಿಯ ಕಾಲೇಜಿನಲ್ಲಿ ನಾನು ಓದುತ್ತಿರುವುದೇ ಸಂಖ್ಯೆಗಳನ್ನು. ಎಷ್ಟೇ ದೊಡ್ಡ ಸಂಖ್ಯೆಯಾಗಲಿ, ಅಂಕಿಗಳನ್ನು ಕೂಡಿಸುತ್ತ ಹೋಗಿ ಕೊನೆಗೆ ಎಂಟು ಬಂದರೆ, ಒಂಬತ್ತರಿಂದ ಭಾಗಿಸಿದಾಗ ಎಂಟು ಉಳಿಯುತ್ತದೆ ಎಂದಷ್ಟೇ ಅರ್ಥ. ಸಾಲಾಗಿ ಒಂಬತ್ತು ಸಂಖ್ಯೆ ಬರೆದರೆ ಒಂದು ಎಂಟರದ್ದೇ. ಅಂಥ ನಂಬರಿನವರನ್ನೆಲ್ಲ ಶನಿ ಹಿಡಿಯುವುದಾದರೆ ಲೋಕಲ್ ರೈಲಿನ ಒಂದೊಂದು ಡಬ್ಬಿಯಲ್ಲೂ ಅವನಿಗೆ ಕೈತುಂಬ ಕೆಲಸ. ಅಮ್ಮನ ನಂಬರನ್ನು ಕಂಪ್ಯೂಟರಿಗೆ ಕೊಟ್ಟೂ ನೋಡಿದೆ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಹತ್ತಂಕಿಯ ಅವಿಭಾಜ್ಯ ಸಂಖ್ಯೆ. ಅಮ್ಮನೂ ಹಾಗೇ ಇದ್ದಳು, ಮಗಳೂ ಹಾಗೇ.

ಈಗ ನಿಮ್ಮ ಕೌಂಟರಿನ ಹಿಂದಿನ ಫೋಟೋ ನೋಡಿ. ಹೋಟೆಲ್ ಶುರುವಾದ ದಿನದ್ದು, ಬೋರ್ಡಿನ ಮೇಲೆ ಏಳಂಕಿಯ ಫೋನ್ ನಂಬರ್. "ಆರು ಬರುವ ನಂಬರಿಗೆ ತಿಂಗಳುಗಟ್ಟಲೆ ಕಾದೆ. ಶುಕ್ರನದ್ದು. ಮತ್ತೆ ಹಿಂದೆ ನೋಡ್ಲಿಲ್ಲ" ಎಂದು ನೀವೇ ಹೇಳಿದ್ದಿರಿ. ಕೂಡಿಸಿದೆ, ಆರೇ ಬಂತು. ಆದರೆ ಆಮೇಲೆ ಮುಂಬಯಿಯ ಲ್ಯಾಂಡ್‌ಲೈನ್‌ಗಳಿಗೆಲ್ಲ ಮುಂದೆ ಎರಡರ ಅಂಕಿ ಸೇರಿಸಿದರಲ್ಲ? ಪೇಂಟರನ್ನು ಕರೆಸಿ ಬೋರ್ಡಿನ ಮೇಲೂ ಬರೆಸಿದಿರಿ, ಕೂಡಿಸುವುದನ್ನು ಮರೆತಿರಿ. ಆರಕ್ಕೆ ಎರಡು ಸೇರಿದರೆ ಎಂಟು, ಮಾವ. ಇಪ್ಪತ್ತು ವರ್ಷದ ಮೇಲಾಯಿತು. ಎರಡನೆಯ ಹೋಟೆಲು, ಮನೆ, ಅಕ್ಷಯನ ಓದು, ಎಲ್ಲ ಬಂದದ್ದು ಆ ಎಂಟರ ಕೆಳಗೇ.

ನನಗೆ ಅಕ್ಷಯ ಬೇಕು, ತುಂಬ ಬೇಕು. ಆದರೆ ಅಮ್ಮನನ್ನು ಕೊಟ್ಟು ಅವನನ್ನು ಪಡೆಯಲಾರೆ. ಎಂಟು ಕೆಟ್ಟದ್ದೇ ಎಂದಾದರೆ ಮೊದಲು ನಿಮ್ಮ ಬೋರ್ಡ್ ಇಳಿಸಿ. ಇಳಿಸುವುದಿಲ್ಲವಾದರೆ, ಮದುವೆಯ ದಿನ ಯಾವುದೆಂದು ಹೇಳಲು ಫೋನ್ ಮಾಡಿ.

ನಂಬರ್ ಅದೇ.

ನಿಮ್ಮ ದೋಸೆ ಕಾವಲಿ ಎಂದೂ ತಣ್ಣಗಾಗದಿರಲಿ ಎಂದು ಹಾರೈಸುವ,

ಸೇವಂತಿಯ ಮಗಳು
ಯಕ್ಷಿತಾ