ಮಡಿಗೆ ಹೋದ ಸ್ವೆಟರ್

ಮಲ್ಕಾಜ್‌ಗಿರಿ, ಹೈದರಾಬಾದ್
೨೧ ಡಿಸೆಂಬರ್ ೧೯೮೨, ಮಂಗಳವಾರ

ಶ್ರೀಯುತರಿಗೆ ಶಾಮಲಾ ಮಾಡುವ ನಮಸ್ಕಾರ.

ಹುಬ್ಬಳ್ಳಿಯ ಹವೆ ನಿಮಗೆ ಚೆನ್ನಾಗಿ ಒಗ್ಗಿದೆ ಎಂದುಕೊಂಡಿದ್ದೇನೆ. ಒಗ್ಗದೆ ಏನು, ವರ್ಗವಾಗಿ ಹೋದ ಮೇಲೆ ಬಂದಾಗಲೆಲ್ಲ ಮೈಕೈ ತುಂಬಿಕೊಂಡೇ ಬಂದಿದ್ದೀರಿ. ಹೊಟ್ಟೆಯ ಉರಿ ಕಡಿಮೆಯಾಯಿತೇ? ಖಾನಾವಳಿಯ ಕೆಂಪು ಚಟ್ನಿ ಬಿಡಿ, ಊಟದ ಕೊನೆಗೆ ಮಜ್ಜಿಗೆ ತಪ್ಪಿಸಬೇಡಿ. ಇಲ್ಲಿ ಅತ್ತೆಯವರು ಆರಾಮವಾಗಿದ್ದಾರೆ. ಧನುರ್ಮಾಸ ಹಿಡಿದಾಗಿನಿಂದ ನಾಲ್ಕಕ್ಕೇ ಎದ್ದು ತಣ್ಣೀರು ಸುರಿದುಕೊಂಡು, ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಮುಗಿಸುತ್ತಾರೆ. ಅರವತ್ತೆಂಟರಲ್ಲಿ ಅವರಿಗೆ ಒಂದು ಸೀನೂ ಇಲ್ಲ. ಮೂವತ್ತರ ನನಗೆ ಮೂಗು ಸೋರಿ ಸೋರಿ ತುದಿ ಕೆಂಪಾಗಿದೆ. ನನ್ನ ಕ್ಷೇಮ ನೀವು ಕೇಳಿಲ್ಲ. ಕೇಳದಿದ್ದರೂ ಬರೆಯುತ್ತೇನೆ, ಈ ಪತ್ರ ಇರುವುದೇ ಅದಕ್ಕೆ.

ಹೋದ ವಾರ ನಿಮ್ಮ ಕಾರ್ಡು ಬಂತು. "ಥಂಡಿ ಭಾಳ ಆದರ ನೌಕರಿ ಬಿಟ್ಟುಬಿಡು, ಸೈಕಲ್ ತುಳದು ಜೀವ ಯಾಕ ತೇಯ್ತಿ" ಎಂದು ಬರೆದಿದ್ದೀರಿ. ಎಷ್ಟು ಸಲೀಸಾಗಿ ಬರೆದಿದ್ದೀರಿ ಮಾರಾಯರೇ! ಚಪ್ಪಲಿ ಬಿಡು ಎಂದ ಹಾಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಹಂಗಾಮಿಯಾಗಿ ಸೇರಿದ್ದು, ಮಾರ್ಚಿಗೆ ಕಾಯಂ ಮಾಡುತ್ತಾರೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ. ಅಲ್ಲಿಯವರೆಗೆ ಆರರ ಪಾಳಿಗೆ ತಡವಾಗಬಾರದು. ಮಲ್ಕಾಜ್‌ಗಿರಿಯಿಂದ ಮೊದಲ ಬಸ್ಸು ಅದರ ಡ್ರೈವರನ ಮನಸ್ಸು ಬಂದಾಗ ಹೊರಡುತ್ತದೆ. ಹಾಗಾಗಿ ಲಾಲಾಗೂಡದ ನರ್ಸಮ್ಮನಿಂದ ಕೊಂಡ ಹಳೆಯ ಲೇಡೀಸ್ ಸೈಕಲ್ಲೇ ಗತಿ. ಐದಕ್ಕೆ ಹೊರಬಿದ್ದರೆ ರೇಲ್ವೆ ಗೇಟಿನ ಹತ್ತಿರ ಬಯಲಿನ ಗಾಳಿ ಎದೆಗೆ ಹೊಡೆಯುತ್ತದೆ. ನಿಂತವನಿಗೆ ಈ ಊರಿನ ಚಳಿ ಚಳಿಯೇ ಅಲ್ಲ. ತುಳಿಯುವವಳಿಗೆ ಮಾತ್ರ ಅದು ಗೊತ್ತು. ಈಗಾಗಲೇ ತಡವಾಗಿ ಬೈಸಿಕೊಂಡಿದ್ದೇನೆ. ನಮ್ಮ ಸೂಪರ್‌ವೈಜರ್ ಜಯಮ್ಮ ಕೆಟ್ಟವರಲ್ಲ. "ಶಾಮಲಗಾರೂ, ಇಂಕೋ ಲೇಟ್ ಪಡಿತೇ ನಾ ಚೇತಿಲೋ ಏಮೀ ಲೇದಮ್ಮಾ" ಎಂದರು. ಇನ್ನೊಮ್ಮೆ ತಡವಾದರೆ ಅವರ ಕೈಯಲ್ಲೂ ಏನಿಲ್ಲ. ಮಾರ್ಚೂ ಇಲ್ಲ, ಕಾಯಂ ಕೂಡ ಇಲ್ಲ.

ದಸರೆಗೆ ಬಂದು ಹೋಗುವಾಗ ಕಾಚಿಗೂಡದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈ ಹಿಡಿದು ಹೇಳಿದ್ದು ಮರೆತಿರಾ? "ಮುಂಡಗೋಡದ ಟಿಬೇಟಿನವರು ಹುಬ್ಬಳ್ಯಾಗ ಉಣ್ಣಿ ಸ್ವೆಟರ್ ಮಾರಾಕ ಬರ್ತಾರ, ನಿನಗೊಂದು ಛಲೋದು ಕಳಸ್ತೀನಿ, ನೀ ಥಂಡ್ಯಾಗ ಹೋಗೂದು ನೋಡಿ ನನಗ ಸಂಕಟ ಆಗ್ತದ" ಎಂದಿರಿ. ನನಗೆ ಕಣ್ಣಲ್ಲಿ ನೀರು ಬಂತು, ಹುಚ್ಚಿ ನಾನು. ದೀಪಾವಳಿ ಕಳೆದ ಮೇಲೆ ನಿಮ್ಮ ಗಾರ್ಡ್ ಅಮರೇಶಪ್ಪ ಗಂಟು ತಂದ. ನಮ್ಮ ರೇಲ್ವೆಯವರ ರೂಢಿಯೇ ಹಾಗಲ್ಲವೇ, ಮನೆ ಗೊತ್ತಿರುವವನ ಕೈಯಲ್ಲಿ ಕಳಿಸಿದರೆ ಮೇಲೆ ಹೆಸರು ಬರೆಯುವುದಿಲ್ಲ. ನಾನು ಬಾಗಿಲಿಗೆ ಬಂದು ಕೈ ಚಾಚಿದೆ. ಅವನು ನನ್ನನ್ನು ದಾಟಿ ಒಳಗೆ ನೋಡಿ, "ಅವ್ವನ ಕೈಯಾಗ ಕೊಡು ಅಂದಾರ್ರಿ ಸಾಹೇಬ್ರು" ಎಂದ. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಒಳ್ಳೆಯ ಸ್ವೆಟರ್. ಸುಳ್ಳೇಕೆ ಹೇಳಲಿ, ನೀಲಿ ಬಣ್ಣ, ದಪ್ಪ ಉಣ್ಣೆ, ಮುಂದೆ ಗುಂಡಿ. ಅತ್ತೆಯವರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಹೊಲಿದ ಬಟ್ಟೆ ಅವರು ಮಡಿಯಲ್ಲಿ ಉಡುವುದಿಲ್ಲ ಎಂದು ನನಗೆ ಧೈರ್ಯವಿತ್ತು. ಎರಡು ದಿನ ಗೂಟಕ್ಕೆ ತೂಗುಬಿದ್ದರೆ ಮೂರನೆಯ ದಿನ ನನಗೇ ಬರುತ್ತದೆ ಎಂದು ಸುಮ್ಮನಿದ್ದೆ. ಅವರು ವೈಜನಾಥಾಚಾರ್ಯರನ್ನು ಕರೆಸಿದರು. ಆಚಾರ್ಯರು ಸ್ವೆಟರನ್ನು ದೂರದಿಂದಲೇ ಹಿಂದೆ ಮುಂದೆ ತಿರುಗಿಸಿ ತೋರಿಸಲು ಹೇಳಿ, "ಉಣ್ಣಿಗೆ ಮೈಲಿಗಿ ಇಲ್ಲ ಸುಂದರಾಬಾಯಿ. ಇದು ಹೆಣದದ್ದು, ಹೊಲದದ್ದಲ್ಲ. ಗುಂಡಿ ಅಷ್ಟ ಹೊಲದಾರ, ಕಿತ್ತು ಒಗೀರಿ" ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಹೋದರು. ಅತ್ತೆಯವರು ಕತ್ತರಿ ತಂದು ಗುಂಡಿಗಳನ್ನೆಲ್ಲ ಕಿತ್ತರು. ಅಂದಿನಿಂದ ಅದು ಮಡಿಯ ಗಳುವಿನ ಮೇಲಿದೆ. ಕೋಲಿನಿಂದ ತೆಗೆಯಬೇಕು, ಕೋಲಿನಿಂದ ಹಾಕಬೇಕು. ನಾನು ಅದರ ಕೆಳಗೆ ಹಾಯುವಾಗಲೂ ತಲೆ ತಗ್ಗಿಸಬೇಕು. ಬೆಳಗಿನ ಜಾವ ಅವರು ಕೆಂಪು ಸೀರೆಯ ಮೇಲೆ ನೀಲಿ ಸ್ವೆಟರ್ ಹಾಕಿಕೊಂಡು ಬೆಂಕಿಯ ಮುಂದೆ ಹುಗ್ಗಿ ತಿರುವುತ್ತಾರೆ, ನಾನು ಹತ್ತಿ ಸೀರೆಯಲ್ಲಿ ಸೈಕಲ್ ಹೊರಗೆ ಎಳೆಯುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗ ಕಳಿಸಿದ, ತಾಯಿ ಹಾಕಿಕೊಂಡರು. ಸಿಟ್ಟು ಯಾರ ಮೇಲೆ ಎಂದು ಬಿಡಿಸಿ ಬರೆಯಬೇಕೇ?

ಸ್ವೆಟರ್ ಬದಲಿಗೆ ನನಗೆ ಸಿಕ್ಕಿದ್ದು ನಿಮ್ಮ ಉಪದೇಶ. ಶಾಲು ಹೊದ್ದುಕೊಂಡು ತುಳಿ ಎಂದಿರಿ, ಹೊದ್ದುಕೊಂಡೆ. ಮೆಟ್ಟುಗೂಡದ ಇಳಿಜಾರಿನಲ್ಲಿ ಶಾಲಿನ ಸೆರಗು ಹಿಂದಿನ ಗಾಲಿಗೆ ಸಿಕ್ಕಿ ಮೊಣಕಾಲು ತರಚಿ ಬಿದ್ದೆ. ಚಹಾದಂಗಡಿಯವನು ಓಡಿ ಬಂದು ಎಬ್ಬಿಸಿ, "ಸೈಕಲ್ ಪೇ ಶಾಲ್ ನಕ್ಕೋ ಅಮ್ಮಾ, ಮರ್ ಜಾತೇ" ಎಂದು, ಶಾಲು ಹೊದ್ದು ತುಳಿದರೆ ಸತ್ತೇಹೋಗುತ್ತೀ ಎಂದು ಬೈದ. ಬೈದರೂ ಬಿಸಿ ಚಹಾ ಕೊಟ್ಟ. ಕಾಲಿಗೆ ಎರಡೆರಡು ಕಾಲುಚೀಲ ಹಾಕಿಕೊ ಎಂದಿರಿ. ಅದನ್ನೂ ಮಾಡಿದೆ. ಕಾಲಿನ ಅಳತೆಗೆ ಸರಿಯಾದ ನನ್ನ ಹಳೆಯ ಬೂಟಿನಲ್ಲಿ ಎರಡು ಕಾಲುಚೀಲ ತುರುಕಿದರೆ ಬೆರಳು ಅಲುಗಾಡುವುದಿಲ್ಲ, ಅಲುಗದ ಬೆರಳಿಗೆ ರಕ್ತ ಹರಿಯುವುದಿಲ್ಲ. ಬರಿಗಾಲಿಗಿಂತ ಹೆಚ್ಚು ಮರಗಟ್ಟಿತು. ಗೇಟಿನ ಹತ್ತಿರ ಇಳಿದು, ಕಲ್ಲಿನ ಮೇಲೆ ಕುಳಿತು, ಬೂಟು ಬಿಚ್ಚಿ ಕಾಲು ತಿಕ್ಕಿಕೊಂಡು ಹೋಗುವಷ್ಟರಲ್ಲಿ ಆರು ಹೊಡೆದು ಹೋಗಿತ್ತು. ಜಯಮ್ಮನವರು ಆ ಮಾತು ಹೇಳಿದ್ದು ಅವತ್ತೇ. ನೀವು ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಆಫೀಸಿನ ಎದುರಿನ ಕೋಣೆಯಿಂದ ರಸ್ತೆ ದಾಟಿ ಕೆಲಸಕ್ಕೆ ಹೋಗುವವರು. ನಿಮ್ಮ ಮಾತು ಕೇಳಿ ಸೈಕಲ್ ಹತ್ತಿದ ನನಗೇ ಬುದ್ಧಿ ಇರಲಿಲ್ಲ.

ಆಮೇಲೆ ನನ್ನ ಬುದ್ಧಿಯಿಂದಲೇ ನಡೆದೆ. ಆ ವಾರದ ಭಾನುವಾರವೇ ಸುಲ್ತಾನ್ ಬಜಾರಿಗೆ ಹೋದೆ. ಬೂಟಿನ ಅಂಗಡಿಯ ಮುದುಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಔರತಾಂ ಕೂ ಗರಂ ಜೂತೇ ಕಹಾಂ ಆತೇ ಅಮ್ಮಾ" ಎಂದು ನಕ್ಕ. ಹೆಂಗಸರಿಗೆ ಬೆಚ್ಚಗಿನ ಬೂಟು ಯಾರೂ ಮಾಡುವುದಿಲ್ಲವಂತೆ! ಹೆಂಗಸರ ಕಾಲು ಏನು, ಸಾಗವಾನಿಯೇ? ಗಂಡಸರ ಕಪ್ಪು ಕ್ಯಾನ್ವಾಸ್ ಬೂಟು ತೆಗೆಸಿದೆ. ದಪ್ಪ ಉಣ್ಣೆಯ ಕಾಲುಚೀಲ ಒಂದೇ ಜೊತೆ ಹಾಕಿಕೊಂಡು, ಅದರ ಮೇಲೆ ಬೂಟು ಹಾಕಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ಓಡಾಡಿ ಬೆರಳು ಆಡುತ್ತದೆಯೇ ಎಂದು ನೋಡಿ, ಒಂದು ಅಳತೆ ದೊಡ್ಡದನ್ನೇ ಆರಿಸಿದೆ. ಮೈಗೆ ಕುಪ್ಪಸದ ಮೇಲೆ ಹಳೆಯ ಪೇಪರಿನ ಹಾಳೆ ಮಡಿಸಿ ಎದೆಗೆ ಇಟ್ಟುಕೊಂಡು, ಮೇಲೊಂದು ಬಿಗಿಯಾದ ಗಂಡಸರ ಉಣ್ಣೆ ಬನಿಯನ್ನು. ಗಾಳಿ ತಡೆಯುವುದು ಪೇಪರು, ಬಿಸಿ ಹಿಡಿಯುವುದು ಬನಿಯನ್ನು. ಬಹಳ ದಪ್ಪ ಹಾಕಿಕೊಂಡರೆ ಏರಿನಲ್ಲಿ ಬೆವರಿ, ಎಕ್ಸ್‌ಚೇಂಜಿನ ಫ್ಯಾನಿನ ಕೆಳಗೆ ಆ ಬೆವರೇ ಮೈಯೊಳಗೆ ಇಳಿಯುತ್ತದೆ. ಸೀರೆಯ ಒಳಗೆ ನಿಮ್ಮ ಪಟ್ಟಾಪಟ್ಟಿ ಪಾಯಜಾಮ ಹಾಕುತ್ತೇನೆ. ನಗಬೇಡಿ. ಸೀರೆ ಚೈನಿಗೆ ಸಿಗುವುದಿಲ್ಲ, ಮೊಣಕಾಲೂ ಬೆಚ್ಚಗಿರುತ್ತದೆ. ನೀವು ಈ ಮನೆಯಲ್ಲಿ ಬಿಟ್ಟುಹೋದ ವಸ್ತುಗಳಲ್ಲಿ ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ. ಪಕ್ಕದ ಮನೆಯ ಉಮಾಬಾಯಿ "ಇದೇನ ವೇಷ, ಪೋಲೀಸರಾಗ ಸೇರೀ ಏನ" ಎಂದು ಛೇಡಿಸಿದರು. ಅತ್ತೆಯವರು ಕೇಳಿದ್ದು ಒಂದೇ ಮಾತು, "ಬೂಟು ತೊಗಲಿಂದಲ್ಲ ಹೌದಲ್ಲೊ?" ಕ್ಯಾನ್ವಾಸು ಎಂದೆ. ಕಟ್ಟೆಯ ಮೇಲೆ ಇಡಲು ಅಪ್ಪಣೆಯಾಯಿತು. ಈ ವೇಷದಲ್ಲಿ ನಾನು ಒಂದು ದಿನವೂ ತಡವಾಗಿ ಹೋಗಿಲ್ಲ.

ಹಾಗಾದರೆ ಇಷ್ಟು ಕಹಿಯಾಗಿ ಏಕೆ ಬರೆಯುತ್ತಿದ್ದೇನೆ ಎನ್ನುತ್ತೀರಿ. ನಿನ್ನೆ ಬೆಳಿಗ್ಗೆ ನಾನು ಬೂಟಿನ ದಾರ ಕಟ್ಟುತ್ತಿರುವಾಗ ಅತ್ತೆಯವರು ಒಲೆಯ ಮುಂದಿನಿಂದಲೇ, "ಇನ್ನ ಸಂಕ್ರಾಂತಿ ತನಕ ಅಷ್ಟ ಅಲ್ಲೇನ, ಅದಕ್ಕ ಬೂಟು ಯಾಕ ತಗೊಂಡಿ" ಎಂದರು. ಯಾವ ಸಂಕ್ರಾಂತಿ, ಏನು ಸಂಕ್ರಾಂತಿ? ಕೇಳಿದರೆ, "ಪ್ರಹ್ಲಾದ ದಸರಿಗೇ ಹೇಳ್ಯಾನಲ್ಲ. ಸಂಕ್ರಾಂತಿಗೆ ಬಂದು ಆಕಿ ರಾಜೀನಾಮೆ ಕೊಡಸ್ತೀನಿ, ನಿನ್ನ ಕೂಡ ಮನ್ಯಾಗ ಒಬ್ಬರು ಇರಬೇಕವ್ವಾ, ಆಕೀನೂ ಹೂಂ ಅಂದಾಳ ಅಂದ." ನಾನು ಹೂಂ ಎಂದೆನೇ? ಯಾವಾಗ, ಯಾವ ಜನ್ಮದಲ್ಲಿ? ಅದೇ ದಸರೆಗೆ ನನ್ನ ಕಿವಿಯಲ್ಲಿ ಏನು ಹೇಳಿದಿರಿ? ಕಾಯಂ ಆಗಲಿ, ನಾನೂ ಸಿಕಂದರಾಬಾದಿಗೆ ವಾಪಸು ವರ್ಗ ಮಾಡಿಸಿಕೊಳ್ಳುತ್ತೇನೆ, ಅದಲು ಬದಲಿಗೆ ಇಲ್ಲಿಂದ ಅಲ್ಲಿಗೆ ಬರುವವನೊಬ್ಬ ಸಿಗುತ್ತಿಲ್ಲ ಅಷ್ಟೇ ಎಂದಿರಿ. ತಾಯಿಗೆ ಒಂದು, ಹೆಂಡತಿಗೆ ಒಂದು. ಒಂದೇ ಮನೆಯ ಪಡಸಾಲೆಯಲ್ಲಿ ಒಂದು ಮಾತು, ಕೋಣೆಯಲ್ಲಿ ಇನ್ನೊಂದು. ನಾವಿಬ್ಬರೂ ಮಡಿ ಮೈಲಿಗೆ ಎಂದು ಒಬ್ಬರಿಂದೊಬ್ಬರು ದೂರ ನಿಲ್ಲುತ್ತೇವೆ, ಮಾತಿನಲ್ಲೂ ದೂರವೇ ಇರುತ್ತೇವೆ ಎಂದು ಲೆಕ್ಕ ಹಾಕಿದ್ದಿರಿ ಅಲ್ಲವೇ? ನೀವು ವರ್ಗವಾಗಿ ಹೋದ ಈ ಒಂದೂವರೆ ವರ್ಷ ಅದು ನಿಜವೂ ಆಯಿತು.

ಕೇಳಿ. ನಾನು ರಾಜೀನಾಮೆ ಕೊಡುವುದಿಲ್ಲ. ಸಂಕ್ರಾಂತಿಗೂ ಇಲ್ಲ, ಯುಗಾದಿಗೂ ಇಲ್ಲ. ಚಳಿಯ ನೆಪ ಹೇಳಬೇಡಿ, ಚಳಿಯನ್ನು ನಾನು ನೋಡಿಕೊಂಡಿದ್ದೇನೆ. ನಿಮ್ಮ ಮೇಲೆ ನನಗೆ ಬಹಳ ಪ್ರೀತಿ ಇತ್ತು. ಇತ್ತು ಎಂದು ಬರೆದದ್ದನ್ನು ಅಳಿಸುವುದಿಲ್ಲ. ಬೆಳಗಿನ ಕತ್ತಲಲ್ಲಿ ತುಳಿಯುವಾಗ ಎಷ್ಟೋ ಸಲ ನೀವು ಹಿಂದಿನ ಕ್ಯಾರಿಯರ್ ಮೇಲೆ ಕುಳಿತಿದ್ದೀರಿ ಎಂದುಕೊಂಡು ಮಾತಾಡಿದ್ದೇನೆ. ಈಗ ಆ ಭಾರ ಇಳಿಸಿದ್ದೇನೆ. ತುಳಿಯುವುದು ಹಗುರಾಗಿದೆ, ಎದೆ ಹಗುರಾಗಿಲ್ಲ.

ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಉಮಾಬಾಯಿಯವರೂ ನಿಮ್ಮ ಕ್ಷೇಮ ಕೇಳಿದ್ದಾರೆ. ಮೈ ಕಡೆ ಜೋಪಾನ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಇಂತು,
ನಿಮ್ಮ ಮನೆಯಲ್ಲಿರುವ
ಶಾಮಲಾ

ತಾ.ಕ.: ಬುಧವಾರ ಸಂಜೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಗಾಡಿಗೆ ಹೊತ್ತಾಗುತ್ತಿದೆ. ಇಂದು ಮಧ್ಯಾಹ್ನ ಸಿಕಂದರಾಬಾದ್ ಪಾರ್ಸೆಲ್ ಆಫೀಸಿನ ಸಿದ್ದರಾಮಪ್ಪ ಎಂಬುವರು ಮನೆ ಹುಡುಕಿಕೊಂಡು ಬಂದಿದ್ದರು. ಊರು ಹುಬ್ಬಳ್ಳಿ ಕಡೆಯದು, ನಿಮ್ಮ ಜಾಗಕ್ಕೆ ಬರಲು ಕಾದು ಕುಳಿತವರು. ಪಡಸಾಲೆಯಲ್ಲಿ ಕುಳಿತು ಅತ್ತೆಯವರಿಗೇ ಹೇಳಿದರು: "ನಿಮ್ಮ ಮಗಾ ಮೊದಲ ಹೂಂ ಅಂದು ಈಗ ಒಲ್ಲೆ ಅನ್ನಾಕತ್ತಾರ್ರಿ ಅವ್ವಾರ. ಇಲ್ಲೇ ಆರಾಮ ಐತಿ, ಮನಿ ಕಡೆ ಹೋದ್ರ ಇಬ್ಬರ ನಡುವ ಸಿಕ್ಕೊಂಡು ಸಾಯ್ಬೇಕು ಅಂತಾರ. ನೀವರ ಒಂದು ಮಾತು ಹೇಳ್ರಿ." ಅವರು ಹೋದ ಮೇಲೆ ಅತ್ತೆಯವರು ಬಾಗಿಲು ಮುಂದೆ ಮಾಡಿ ಬಂದರು. ಆಮೇಲೆ, "ನನ್ನ ಕೂಡ ಒಬ್ಬರು ಇರಬೇಕು ಅಂತ ನಿನ್ನ ನೌಕರಿ ಬಿಡಸ್ತಿದ್ದ. ನಾನ ಅವನ ಕೂಡ ಹೋಗಿ ಇದ್ದರ ಯಾರೂ ಏನೂ ಬಿಡೂದು ಬ್ಯಾಡ" ಎಂದು ದೇವರ ಪೆಟ್ಟಿಗೆ ಕಟ್ಟಿದರು. ಬೇಡವೆಂದು ನಾನು ಕಣ್ಣೀರು ಹಾಕಿದೆ, ಅವರೂ ಹಾಕಿದರು, ಆದರೂ ಕೇಳಲಿಲ್ಲ. ಅಮರೇಶಪ್ಪನ ಗಾಡಿಯಲ್ಲೇ ಹೊರಟಿದ್ದಾರೆ. ಧನುರ್ಮಾಸ ಮುಗಿಯುವವರೆಗೆ ನಾಲ್ಕಕ್ಕೆ ಎದ್ದು ನೀರು ಸೇದಿ ಕೊಡಿ, ಮಡಿಯಲ್ಲಿರುವಾಗ ಅವರನ್ನು ಮುಟ್ಟಬೇಡಿ. ಈ ಪತ್ರವನ್ನು ನಿಮ್ಮ ಕೈಗೆ ಕೊಟ್ಟವರು ಅವರೇ. ಅವರಿಗೆ ಓದಲು ಬರುವುದಿಲ್ಲ ಎಂದು ಏನೋ ಒಂದು ಹೇಳಿ ಮುಗಿಸಬೇಡಿ, ಮೊದಲಿನಿಂದ ಕೊನೆಯವರೆಗೆ ನಾನೇ ಅವರಿಗೆ ಓದಿ ಹೇಳಿದ್ದೇನೆ.