ಗ್ರೆಗರ್‌ನ ಮೂಗು

ಮಾರ್ಚ್ ೧೧, ಮಂಗಳವಾರ. ಎಲ್ಗಿನ್.

ಗ್ರೆಗರ್‌ಗೆ ವಾಸನೆಯೇ ತಿಳಿಯುತ್ತಿಲ್ಲ! ಬೇರೆಯವರ ಭಟ್ಟಿಗಳಿಂದ ಒಂದೊಂದೇ ವಿಸ್ಕಿ ಪೀಪಾಯಿ ಆರಿಸಿ ತಂದು, ನಮ್ಮ ಹೆಸರಿನಲ್ಲಿ ಬಾಟಲಿಗೆ ತುಂಬಿ ಮಾರುವ ಈ ಅಂಗಡಿ ನಿಂತಿರುವುದೇ ನನ್ನ ಗಂಡನ ಮೂಗಿನ ಮೇಲೆ.

ಮಧ್ಯಾಹ್ನ ಹೊಸ ಪೀಪಾಯಿಯ ವಿಸ್ಕಿಯನ್ನು ಹನಿ ನೀರೂ ಬೆರೆಸದೆ ಲೋಟಗಳಿಗೆ ಸುರಿದುಕೊಂಡೆವು. ಹಳೆಯ ಗಿರಾಕಿ ಮರ್ಡೊ ಒಂದು ಗುಟುಕಿಗೇ ಕಣ್ಣಲ್ಲಿ ನೀರು ತಂದುಕೊಂಡು, "ಅಬ್ಬಾ, ಎದೆಗೇ ಒದೀತಲ್ಲಪ್ಪಾ!" ಎಂದ. ನನ್ನ ಬಾಯಲ್ಲಿ ಮೊದಲು ಬೆಂಕಿ, ಆಮೇಲೆ ಒಣದ್ರಾಕ್ಷಿ, ಕೊನೆಗೆ ಸಮುದ್ರದ ಉಪ್ಪು. ಗ್ರೆಗರ್ ಕೂಡ ಹಾಗೆಯೇ ವರ್ಣಿಸಿದ.

ಅವನ ಖಾಲಿ ಲೋಟ ಎತ್ತಿಕೊಂಡರೆ ಗಪ್ಪೆಂದು ಸೋಪಿನ ವಾಸನೆ ಹೊಡೆಯಿತು. ಬೆಳಿಗ್ಗೆ ನಾನೇ ಸರಿಯಾಗಿ ತೊಳೆಯದೆ ಇಟ್ಟಿದ್ದೆ. ಅದರಲ್ಲಿ ಕೊನೆಯ ಹನಿಯವರೆಗೂ ಕುಡಿದಿದ್ದ.

ಮರ್ಡೊ ಹೋದ ಮೇಲೆ ಕೇಳಿದೆ. "ಯಾವಾಗಿಂದ ಹೀಗೆ?"

"ಹೊಸ ವರ್ಷಕ್ಕೆ ಜ್ವರ ಬಂತಲ್ಲ, ಆವಾಗಿಂದ."

"ಮತ್ತೆ ಒಣದ್ರಾಕ್ಷಿ ಅಂದ್ಯಲ್ಲೋ!"

"ಕುಡೀವಾಗ ನಿನ್ನಷ್ಟಕ್ಕೆ ನೀನೇ ಗೊಣಗ್ತೀಯಲ್ಲೇ, ಇಸ್ಬೆಲ್. ಅದನ್ನೇ ಹೇಳಿದೆ. ಈ ವರ್ಷದ ಪೀಪಾಯಿಗಳನ್ನೆಲ್ಲ ಆರಿಸಿದ್ದು ನೀನೇ ಕಣೇ."

ನಾನು! ನನಗೆ ವಿಸ್ಕಿ ತಿಳಿಯುವುದಿಲ್ಲವೆಂದು ಮದುವೆಯಾದಾಗಿನಿಂದ ನಂಬಿಕೊಂಡಿದ್ದವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಈಗಷ್ಟೇ ಗ್ರೆಗರ್ ಹಿಂದಿನಿಂದ ಬಂದು ನನ್ನ ಕೂದಲಲ್ಲಿ ಮುಖ ಹುದುಗಿಸಿ, ಬಹಳ ಹೊತ್ತು ಉಸಿರೆಳೆದುಕೊಂಡ. "ಇದು ಹೇಗಿದೆ, ಹೇಳೇ" ಎಂದ. ನನ್ನ ಕೂದಲಿನ ವಾಸನೆ ಗೊತ್ತಿದ್ದದ್ದು ಅವನೊಬ್ಬನಿಗೇ. ನಾನು ಏನೆಂದು ವರ್ಣಿಸಲಿ?